ಬಿದಿರು ಹೂಬಿಟ್ಟ ವರ್ಷ

ನಮ್ಮ ಭಾಷೆಯ ಸ್ವರಗಳಿಗೆ ಟೋಪಿ ಉಂಟು.
ಟೋಪಿ ಹಾರಿದರೆ ಅರ್ಥವೂ ಹಾರುತ್ತದೆ.
ಹಾರಿದ್ದನ್ನು ಹೆಕ್ಕಿ ತಲೆಗಿಡುವುದು ನನ್ನ ಕಸುಬು:
ಕರಡು ತಿದ್ದುತ್ತೇನೆ, ಪುಟಕ್ಕೆ ಎಂಟು ರೂಪಾಯಿ,
ಐಜ್ವಾಲಿನಲ್ಲಿ, ದೊಲಾ ಅಣ್ಣನ ಮುದ್ರಣಾಲಯದಿಂದ
ನೂರ ಆರು ಮೆಟ್ಟಿಲು ಮೇಲಿನ ಮನೆಯಲ್ಲಿ.

ಈ ಸಲ ಬಂದ ಕಟ್ಟು ಕಪ್‌ಛುಂಗಾನದು.
ಹೆಸರು ಓದಿ ಕೂತೆ. ಚಹಾ ಆರಿಹೋಯಿತು.

ಹನ್ನೊಂದು ವರ್ಷದ ಹಿಂದೆ, ತಮ್ಮ ರೆಮಾ ಹೋದ ಮೇಲೆ
ನಾನೊಂದು ಸಣ್ಣ ಪುಸ್ತಕ ಬರೆದಿದ್ದೆ; ಬರೆದೆ ಅನ್ನುವುದಕ್ಕಿಂತ
ಅವನ ಅಂಗಿಗಳನ್ನು ಮಡಿಸಿಟ್ಟ ಹಾಗೆ.
ಚರ್ಚಿನ ಮಾಸಪತ್ರಿಕೆಯಲ್ಲಿ ಇವನು ಬರೆದ:
ಅಕ್ಕ ಕಣ್ಣೀರಿನ ಅಂಗಡಿ ತೆರೆದಿದ್ದಾರೆ.
ಪುಟ ಇಪ್ಪತ್ತಾರು, ಎಡಗಡೆ, ಕೆಳಗೆ.
ಮಗ್ಗುಲಲ್ಲಿ ಹಂದಿಮರಿ ಮಾರಾಟದ ಜಾಹೀರಾತು.
ಆಮೇಲೆ ನನ್ನದೆಂದು ಒಂದು ಸಾಲೂ ಬರೆಯಲಿಲ್ಲ.
ಬೇರೆಯವರ ಟೋಪಿ ಹೆಕ್ಕುತ್ತಾ ಬಂದೆ.

ಪುಸ್ತಕ ಚೆನ್ನಾಗಿತ್ತು. ಅದೇ ಕಷ್ಟ.
ಅವನ ಅಜ್ಜನ ಕಾಲ: ಕಾಡಿನ ಬಿದಿರೆಲ್ಲ ಒಟ್ಟಿಗೆ ಹೂಬಿಟ್ಟು,
ಕಾಯಿ ತಿಂದು ಇಲಿ ಹೆಚ್ಚಿ, ಇಲಿ ಇಳಿದು ಬೆಟ್ಟದ ಪೈರು ಬೋಳಾಗಿ,
ಖಾಲಿ ಕಣಜದ ತಳವನ್ನು ಅಂಗೈಯಲ್ಲಿ ತಡವುವ ಒಬ್ಬ ತಾಯಿ.
ಅಲ್ಲಿ ಪೆನ್ಸಿಲ್ ಕೆಳಗಿಟ್ಟೆ ಸ್ವಲ್ಪ ಹೊತ್ತು.
ಮುಂದೆ, ಪುಟ ನಲವತ್ತೊಂದು:
ಹೂಬಿಟ್ಟದ್ದು ಸಾವಿರದ ಒಂಬೈನೂರ ಇಪ್ಪತ್ತೊಂದರಲ್ಲಂತೆ.

ಹನ್ನೊಂದು! ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು,
ನಲವತ್ತೆಂಟು ವರ್ಷ ಎಣಿಸಿ ಎಣಿಸಿ ಕಾಯುವ ಜನ ನಾವು.
ಈ ಒಂದು ಅಂಕಿ ಸಾಕು, ಪೇಟೆಗೆ ಪೇಟೆಯೇ ನಗುತ್ತದೆ.
ನಾನೇನೂ ಮಾಡಬೇಕಿಲ್ಲ.
ಏನೂ ಮಾಡದಿದ್ದರೆ ಆಯಿತು.

ಮಾಡಲಿಲ್ಲ. ಕಟ್ಟು ಕಳಿಸಿದೆ.
ಅನ್ನಕ್ಕಿಡುವ ಮುಂಚೆ ಎಂದಿನಂತೆ
ಚರ್ಚಿನ ಪಾಲಿಗೆ ಒಂದು ಹಿಡಿ ಅಕ್ಕಿ ತೆಗೆದಿಟ್ಟೆ. ಕೈ ನಡುಗಲಿಲ್ಲ.
ಭಾನುವಾರ ಹಾಡಿದೆ; ದನಿಯೂ ಚೆನ್ನಾಗಿಯೇ ಇತ್ತು.

ಮಂಗಳವಾರ ನಸುಕಿನಲ್ಲಿ ಕೆಳಗಿನ ಕೇರಿಯಲ್ಲಿ ಸಾವು.
ಹುಡುಗರು ಗುದ್ದಲಿ ಹೊತ್ತು ಮೆಟ್ಟಿಲಿಳಿದರು,
ಮಂಜಿನಲ್ಲಿ ಬರೀ ಟಾರ್ಚು, ಬರೀ ಕೆಮ್ಮು.
ಕರೆಯದೆ ಹೋಗುವುದು, ಕೂಲಿ ಕೇಳದಿರುವುದು,
ಅದಕ್ಕೆ ನಮ್ಮಲ್ಲೊಂದು ಮಾತಿದೆ, ತ್ಲಾಮ್‌ಙೈನಾ;
ಬೇರೆ ಭಾಷೆಗೆ ಕರೆತಂದರೆ ಅರ್ಧ ದಾರಿಯಲ್ಲಿ ಕುಂಟುತ್ತದೆ.
ಆಗ ನೆನಪಾಯಿತು, ನೆನಪಾಗದಿದ್ದರೆ ಚೆನ್ನಿತ್ತು:
ರೆಮಾನ ಗುಂಡಿಯಲ್ಲಿ ಮೊಣಕಾಲು ಮುಳುಗುವ ನೀರಲ್ಲಿ ನಿಂತು
ರಾತ್ರಿಯ ಮಳೆಯನ್ನು ಬೋಗುಣಿಯಿಂದ ಮೊಗೆದವನು
ಇದೇ ಕಪ್‌ಛುಂಗಾ.

ಚಪ್ಪಲಿ ಸಿಗಲಿಲ್ಲ, ಹಾಗೇ ಇಳಿದೆ.
ಪ್ಲೇಟು ಆಗಿಹೋಗಿದೆಯಲ್ಲ, ಅಂದ ದೊಲಾ ಅಣ್ಣ.
ಇನ್ನೊಂದು ಮಾಡು. ಮುನ್ನೂರೈವತ್ತು ನನ್ನ ಲೆಕ್ಕಕ್ಕೆ ಬರಿ.
ತಪ್ಪು ನಿನ್ನದಾ?
ನಂದೇ, ಅಂದೆ.
ಅಷ್ಟು ನಿಜವನ್ನು ಆ ವರ್ಷ ಇನ್ನೆಲ್ಲೂ ಹೇಳಿರಲಿಲ್ಲ.

ಪುಸ್ತಕ ಬಂತು. ಮುನ್ನುಡಿಯಲ್ಲಿ ದೇವರಿಗೆ, ಹೆಂಡತಿಗೆ, ದೊಲಾನಿಗೆ,
ಕರೆಂಟು ತೆಗೆಯದ ವಿದ್ಯುತ್ ಇಲಾಖೆಗೂ ವಂದನೆ.
ನನ್ನ ಹೆಸರಿಲ್ಲ. ಮೂರು ಸಲ ಹುಡುಕಿದೆ, ಸುಳ್ಳೇಕೆ.
ಸಿಟ್ಟು ಹೋಗಿಲ್ಲ. ಒಲೆಯ ಮೇಲೆ ತೂಗುಹಾಕಿದ ಮಾಂಸದ ಹಾಗೆ
ಹೊಗೆ ಕುಡಿದು ಕಪ್ಪಾಗಿ, ಕೆಡದೆ ಇದೆ.
ಅದು ಇಳಿದ ಮೇಲೆಯೇ ತಿದ್ದುವೆನೆಂದು ಕೂತಿದ್ದರೆ
ಪುಟ ನಲವತ್ತೊಂದು ಹಾಗೇ ಅಚ್ಚಾಗುತ್ತಿತ್ತು.

ನಿನ್ನೆ ರಾತ್ರಿ ಸುಮ್ಮನೆ ಪುಟ ತಿರುವಿದೆ.
ನೂರ ಹನ್ನೆರಡರಲ್ಲಿ, ಅವನ ಅಜ್ಜಿಯ ಹೆಸರಿನ ಮೇಲೆ
ಟೋಪಿಯಿಲ್ಲ.

ಕರ್ತನೇ, ಇದು ಮಾತ್ರ ಬೇಕೆಂದೇ ಅಲ್ಲ.
ನಿಜವಾಗಿ ಕಾಣಲಿಲ್ಲ.
ನೀನಾದರೂ ನಂಬು.